ಅಕ್ಕನಿಗೆ ಸೇರದ ಬಿಳಿ ಬೀನ್ಸು

ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ, ನಿನ್ನೆ ನೆನೆಹಾಕಿದ ಬಿಳಿ ಡಬಲ್ ಬೀನ್ಸು ಉಬ್ಬಿ ನೀರಿನಿಂದ ಮೇಲೆ ಬಂದಿದೆ. ನೆನೆದ ಕಾಳಿನ ಆ ಹಸಿ ವಾಸನೆ ನಿಮಗೂ ಗೊತ್ತಿರಬಹುದು. ಕೆಟ್ಟದ್ದೇನಲ್ಲ. ಆದರೆ ನನಗೆ ಅದು ಮೂಗಿಗೆ ಬಂದರೆ ಸಾಕು, ಮುಚ್ಚಳ ಮತ್ತೆ ಮುಚ್ಚಿಬಿಡೋಣ ಎನಿಸುತ್ತದೆ. ಹೋದ ವರ್ಷ ನಿಟ್ಟೂರಿನ ಇದೇ ಅಡುಗೆಮನೆಯಲ್ಲಿ, ಇದೇ ಪಾತ್ರೆಯಲ್ಲಿ, ತಿಂಗಳುಗಟ್ಟಲೆ ನಾನು ಬೇರೇನೂ ಮಾಡಿದ್ದಿಲ್ಲ. ಅಕ್ಕ ಹೋದ ಮೇಲೆ ಈ ಕಾಳನ್ನು ಮುಟ್ಟಲೇಬಾರದು ಎಂದುಕೊಂಡಿದ್ದೆ. ಉಳಿದ ಪೊಟ್ಟಣ ಡಬ್ಬಿಯಲ್ಲಿ ಹಾಗೇ ಇತ್ತು. ನಿನ್ನೆ ಅದನ್ನು ನಾನೇ ಹುಡುಕಿ ತೆಗೆದೆ. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕು.

ಅಕ್ಕ ಇಲ್ಲಿ ಊಟದ ಹೋಟೆಲು ಇಟ್ಟಿದ್ದಳು. ಭಾವ ಕೊಡಚಾದ್ರಿಗೆ ಜೀಪು ಓಡಿಸುವವರು. ಅವರು ಬೆಟ್ಟ ಹತ್ತಿಸಿ ಇಳಿಸಿದ ಜನ ಹಸಿದು ಬಂದು ಅಕ್ಕನ ಬೆಂಚಿನ ಮೇಲೆ ಕೂರುತ್ತಿದ್ದರು. ಸೂಜಿಮೆಣಸಿನ ಚಟ್ನಿ ಎಂದರೆ ಅವಳದ್ದು. ಪೇಟೆಯ ದಾಂಡಿಗ ಹುಡುಗರು ಮೂಗು ಒರೆಸಿಕೊಳ್ಳುತ್ತ ಮಜ್ಜಿಗೆ ಕೇಳಿದರೆ ಅವಳಿಗೆ ಖುಷಿಯೋ ಖುಷಿ. ಯಾವುದನ್ನೂ ನುಣ್ಣಗೆ ರುಬ್ಬುವವಳಲ್ಲ. "ಹಲ್ಲು ಇರದು ಎಂತಕೆ? ನುಣ್ಣಗೆ ಬೇಕಾದೋರು ತೊಟ್ಲಲ್ಲಿ ಮಲ್ಕಳ್ಲಿ" ಎನ್ನುತ್ತಿದ್ದಳು. ಸಾಗರದಲ್ಲಿ ಹೊಲಿಗೆ ಮಷಿನ್ ತುಳಿಯುತ್ತ, ಮಿಕ್ಸಿಯಲ್ಲೇ ಸಂಸಾರ ನಡೆಸುವ ನಾನು ಅವಳ ಲೆಕ್ಕದಲ್ಲಿ ಅಡುಗೆ ಬಾರದವಳು. ಸುಳ್ಳೇನಲ್ಲ ಬಿಡಿ.

ಒಲೆಯ ಕೆಲಸ ಮುಗಿದರೆ ಗಂಡ ಹೆಂಡತಿ ಇಬ್ಬರೂ ಎಲೆಅಡಿಕೆ ತಟ್ಟೆಯ ಮುಂದೆ. ನಮ್ಮ ಕಡೆ ಕವಳ ಎಂದರೆ ಚಟ ಅಲ್ಲ, ಮರ್ಯಾದೆ. ಮನೆಗೆ ಬಂದವರಿಗೆ ನೀರು ಕೊಟ್ಟು ತಟ್ಟೆ ಸರಿಸದಿದ್ದರೆ ಊರೆಲ್ಲ ಸುದ್ದಿಯಾಗುತ್ತದೆ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚೂರು ಹೊಗೆಸೊಪ್ಪು. ಅಕ್ಕ ಅದನ್ನು ದವಡೆಯಲ್ಲಿ ಇಟ್ಟುಕೊಂಡೇ ಬಡಿಸುತ್ತಿದ್ದಳು, ಇಟ್ಟುಕೊಂಡೇ ನನ್ನನ್ನು ಬೈಯುತ್ತಿದ್ದಳು.

ಅಂಥವಳು ಒಂದು ದಿನ ತಾನೇ ಮಾಡಿದ ಮೀನುಸಾರನ್ನು ಬದಿಗೆ ಸರಿಸಿ, "ಎಂತಕೋ ಖಾರ ಜಾಸ್ತಿ ಆಯ್ತು ಕಣೆ" ಎಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕನಿಗೆ ವಯಸ್ಸಾಯಿತು ಎಂದು ಭಾವ ರೇಗಿಸಿದರು. ಕೆನ್ನೆಯ ಒಳಗೆ ಬಿಳಿ ಕಲೆಯೊಂದು ಕೂತಿದೆ ಎಂದು ಯಾರಿಗೆ ಗೊತ್ತಿತ್ತು? ಗೊತ್ತಾದದ್ದು ಅದು ಹುಣ್ಣಾದ ಮೇಲೆ, ಬಾಯಿ ಎರಡು ಬೆರಳಷ್ಟೂ ತೆರೆಯದ ಮೇಲೆ. ಶಿವಮೊಗ್ಗದಲ್ಲಿ ದವಡೆ ಕೊಯ್ದರು, ಕ್ಯಾನ್ಸರಿಗೆ ಕೊಡುವ ಕರೆಂಟು ಕೊಟ್ಟರು. ಖಾರ ಬೇಡ, ಹುಳಿ ಬೇಡ, ಕಾಳು ಬೇಯಿಸಿ ಬೆಣ್ಣೆಯ ಹಾಗೆ ಮಾಡಿ ಕೊಡಿ ಎಂದು ಹೇಳಿ ಮನೆಗೆ ಕಳಿಸಿದರು.

ನಾನು ಮಷಿನ್ನಿಗೆ ಬಟ್ಟೆ ಹೊದಿಸಿ ನಿಟ್ಟೂರಿಗೆ ಬಂದೆ. ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಬಿಳಿ ಬೀನ್ಸಿನ ಡಿಪ್ಪು, ಅದ್ದಿಕೊಂಡು ತಿನ್ನುವ ಚಟ್ನಿಯಂಥದ್ದು. ವಿಡಿಯೋದ ಹೆಂಗಸು ನಗುನಗುತ್ತ ಬೆಳ್ಳುಳ್ಳಿ ಹಾಕಿದಳು, ನಿಂಬೆ ಹಿಂಡಿದಳು, ಮೇಲೆ ಮೆಣಸಿನಪುಡಿ ಉದುರಿಸಿ ಗರಿಗರಿ ಬ್ರೆಡ್ಡಿನ ಜೊತೆ ತಿನ್ನಿ ಎಂದಳು. ನಾನು ಒಂದೊಂದಾಗಿ ಕಳೆಯುತ್ತ ಬಂದೆ. ಬೆಳ್ಳುಳ್ಳಿ ಉರಿ, ನಿಂಬೆ ಉರಿ, ಮೆಣಸಿನ ಮಾತೇ ಬೇಡ, ಬ್ರೆಡ್ಡು ಗಾಯಕ್ಕೆ ತಾಗುತ್ತದೆ. ಕೊನೆಗೆ ಉಳಿದದ್ದು ಕಾಳು, ತುಪ್ಪ, ಚಿಟಿಕೆಗೂ ಕಡಿಮೆ ಉಪ್ಪು. ಅದಕ್ಕೆ ಡಿಪ್ಪು ಎನ್ನುವ ಹೆಸರೇ ದೊಡ್ಡದಾಯಿತು.

ಮೊದಲ ದಿನ ಸಿಪ್ಪೆ ಸಮೇತ ತಿರುವಿದೆ. ಕಣ್ಣಿಗೆ ನುಣ್ಣಗೇ ಇತ್ತು. ಅಕ್ಕ ಒಂದು ಚಮಚ ಬಾಯಿಗೆ ಇಟ್ಟವಳು ಗೋಡೆಗೆ ಕೈ ಬಡಿಯತೊಡಗಿದಳು. ಸಿಪ್ಪೆಯ ಒಂದು ಚೂರು ಗಾಯಕ್ಕೆ ಅಂಟಿಕೊಂಡಿತ್ತು. ಮರುದಿನ ಅವಳೇ ನನ್ನ ಪಕ್ಕ ಕೂತು, ನೆನೆದ ಕಾಳನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು, ಹಿತಕಿದ ಅವರೆಗೆ ಮಾಡುವ ಹಾಗೆ. ಬೇಳೆ ಪಾತ್ರೆಗೆ ಜಾರಿತು, ಸಿಪ್ಪೆ ಕೈಯಲ್ಲಿ ಉಳಿಯಿತು. ಅವಳ ಬಾಯಿ ಹೋಗಿತ್ತು, ಕೈ ಹೋಗಿರಲಿಲ್ಲ. ದಿನವೂ ಇಬ್ಬರೂ ಹಿತಕುತ್ತ ಕೂರುತ್ತಿದ್ದೆವು. ಬೆಂದ ಬೇಳೆಯನ್ನು ಬಿಸಿ ಆರುವ ಮೊದಲೇ, ಬೇಯಿಸಿದ ನೀರನ್ನು ಸ್ವಲ್ಪಸ್ವಲ್ಪ ಹಾಕುತ್ತ ತಿರುವಿ, ಜರಡಿಯಲ್ಲಿ ಒತ್ತಿದರೆ ಕೆನೆಯಂತೆ ಇಳಿಯುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ನುಂಗುತ್ತಿದ್ದಳು. ಒಮ್ಮೆ ತೊದಲುತ್ತ, "ಇದನ್ನ ನನ್ನ ಎಡೆಗೆ ಮಾತ್ರ ಇಡ್ಬೇಡ ಮಾರಾಯ್ತಿ" ಎಂದಳು. ನಾನು ನಕ್ಕು, ಹಿತ್ತಲಿಗೆ ಹೋಗಿ ಅತ್ತು ಬಂದೆ.

ನನಗೆ ಸಿಟ್ಟು ಬರುತ್ತಿದ್ದುದು ಅವಳನ್ನು ನೋಡಲು ಬರುವವರ ಮೇಲೆ. ನಾನು ತಟ್ಟೆ ಅಡಗಿಸಿಟ್ಟರೆ ಅಕ್ಕ ಕೈಸನ್ನೆ ಮಾಡಿ ತರಿಸುತ್ತಿದ್ದಳು. ಅರ್ಧ ಕೆನ್ನೆ ಇಲ್ಲದವಳು ತಾನೇ ಎಲೆಗೆ ಸುಣ್ಣ ಹಚ್ಚಿ ಮಡಿಚಿ ಕೊಡುವಳು. ಅವರು ಅವಳ ಮುಖ ನೋಡಿ ಲೊಚಗುಟ್ಟುತ್ತ ಅದನ್ನೇ ಬಾಯಿಗೆ ಹಾಕಿಕೊಳ್ಳುವರು. ತಟ್ಟೆ ಎತ್ತಿ ಅಂಗಳಕ್ಕೆ ಎಸೆಯಬೇಕು ಎನಿಸುತ್ತಿತ್ತು. ಎಸೆಯಲಿಲ್ಲ. ಮರ್ಯಾದೆ ನೋಡಿ.

ಅಕ್ಕ ಉಳಿಯಲಿಲ್ಲ.

ನಿನ್ನೆ ಅವಳ ವರ್ಷದ ಎಡೆ, ಅದಕ್ಕೇ ಸಾಗರದಿಂದ ಮತ್ತೆ ಬಂದಿದ್ದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು, ಬಂದು ಉಣ್ಣಲಿ ಎಂದು ಹೊರಗೆ ನಿಲ್ಲುವುದು ನಮ್ಮಲ್ಲಿ ಪದ್ಧತಿ. ಕಡುಬು, ಕೋಳಿಸಾರು, ಸೂಜಿಮೆಣಸಿನ ಚಟ್ನಿ ಇಟ್ಟೆ. ಬೀನ್ಸು ಇಡಲಿಲ್ಲ. ಕೊನೆಗೆ ಭಾವ ಹೊಗೆಸೊಪ್ಪು ಸಮೇತ ಕವಳ ಕಟ್ಟಿ ಎಲೆಯ ತುದಿಗೆ ಇಟ್ಟರು.

"ಅದು ಬೇಡ ಭಾವ. ಅವಳನ್ನ ತಿಂದಿದ್ದೇ ಅದಲ್ವಾ?"

"ಅವಳಿಗೆ ಇಷ್ಟ ಇತ್ತು ಮಾರಾಯ್ತಿ. ಕೊನೆಗೆ ಅದೂ ಸಿಕ್ಕಿಲ್ಲ. ಆಸೆ ಉಳಿಸ್ಬಾರ್ದು."

ಅವರ ಕಣ್ಣು ತುಂಬಿತ್ತು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಆಮೇಲೆ ನಾವು ಊಟಕ್ಕೆ ಕೂತೆವು. ಭಾವ ಕಡುಬನ್ನು ಚೂರುಚೂರು ಮಾಡಿ ಸಾರಿಗೆ ಅದ್ದಿ ಬಾಯಿಗಿಟ್ಟವರು, ಮುಖ ಕಿವುಚಿ ತಟ್ಟೆ ಸರಿಸಿದರು. "ಎಂತಕೋ ಖಾರ ಜಾಸ್ತಿ ಆಯ್ತು ಕಣೆ."

ಸಾರು ಮಾಡಿದ್ದು ನಾನು. ಸಪ್ಪೆ ಕೈಯವಳು ಎಂದು ಹೆಸರಾದವಳು. ನನಗೆ ನಗು ಬರಲಿಲ್ಲ.

"ಬಾಯಿ ತೆಗೀರಿ ಭಾವ."

"ಏ, ಎಂತದೂ ಇಲ್ಲ. ಹಲ್ಲುನೋವು ಅಷ್ಟೆ" ಎನ್ನುತ್ತ ಎಡೆಯ ಕವಳಕ್ಕೆ ಕೈ ಚಾಚಿದರು. ಎಡೆಗೆ ಇಟ್ಟದ್ದನ್ನು ಆಮೇಲೆ ಮನೆಯವರೇ ತಿನ್ನಬೇಕಲ್ಲ. ಈ ಸಲ ನಾನು ಬಿಡಲಿಲ್ಲ. ಅವರಿಗಿಂತ ಮೊದಲು ಅದನ್ನು ಎತ್ತಿಕೊಂಡು ಹೋಗಿ ಉರಿಯುವ ಒಲೆಗೆ ಹಾಕಿದೆ, ತಟ್ಟೆಯಲ್ಲಿದ್ದ ಎಲೆ ಅಡಿಕೆ ಹೊಗೆಸೊಪ್ಪನ್ನೂ ಅದರ ಮೇಲೆ ಸುರಿದೆ. ಸತ್ತವಳ ಬಾಯಿಂದಲೇ ಕಿತ್ತುಕೊಂಡೆ ಎನ್ನುವ ಹಾಗೆ ಭಾವ ನನ್ನನ್ನು ನೋಡಿದರು. ಊರು ಬೇಕಾದ್ದು ಹೇಳಲಿ. ನಾಳೆ ಶಿವಮೊಗ್ಗದ ಬಸ್ಸು ಹಿಡಿಯೋಣ ಎಂದೆ. ಅವರು ಎದ್ದು ಅಂಗಳಕ್ಕೆ ಹೋದರು. ನಾನು ಡಬ್ಬಿ ಹುಡುಕಿ ಬೀನ್ಸಿನ ಪೊಟ್ಟಣ ತೆಗೆದೆ.

ಈಗ ಭಾವ ಮುಖ ತೊಳೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಬೆಟ್ಟಕ್ಕೆ ಬಾಡಿಗೆ ಇದೆಯಂತೆ. ನಾನು ಪಾತ್ರೆಯನ್ನು ಅವರ ಮುಂದೆ ಇಟ್ಟು, ಒಂದು ಕಾಳು ಹಿತಕಿ ತೋರಿಸಿದೆ. ಅವರು ಕೂತರು. ಸ್ಟಿಯರಿಂಗ್ ಹಿಡಿದು ದಪ್ಪಗಾದ ಬೆರಳು, ಮೊದಲೆರಡು ಕಾಳು ಜಜ್ಜಿಹೋದವು. ಆಮೇಲೆ ಹದ ಸಿಕ್ಕಿತು.

"ಯಾರಿಗೆ ಇದು?" ಎಂದರು.

"ನಿಮಗೆ."

ಹೆಬ್ಬೆರಳು ನಿಂತಿತು. ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು. ಆಮೇಲೆ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ, ನಾನು ಕೇಳದೆಯೇ, ಬಾಯಿ ತೆರೆದರು. ಎರಡು ಬೆರಳಷ್ಟೂ ತೆರೆಯಲಿಲ್ಲ.

"ಬಸ್ಸು ಬೇಡ" ಎಂದರು. "ಜೀಪಲ್ಲೇ ಹೋಗಣ."