ಹಳೇ ಹಾಡಲ್ಲ, ನಾನು ಕಟ್ಟಿದ್ದು

ನಮ್ಮವ್ವ ಮೂವತ್ತು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ನಾನು ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆ, ನಾಡಗೀತೆ, ಯಾರಾದರೂ ಅತಿಥಿಗಳು ಬಂದರೆ ಸ್ವಾಗತ ಗೀತೆ. ಬೇರೆಯವರು ಕಟ್ಟಿದ ಹಾಡುಗಳನ್ನು ಹಾರ್ಮೋನಿಯಂ ಮೇಲೆ ನುಡಿಸುವುದರಲ್ಲೇ ವಯಸ್ಸು ನಲವತ್ತು ದಾಟಿದೆ.

ಒಂದು ದಿನ ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ಫೋನು ನೋಡುತ್ತ ಕೂತಿದ್ದೆ. ಯುರೋಪಿನ ಯಾವುದೋ ಊರಿನ ಸಂಗೀತ ಸಂಯೋಜನೆಯ ಸ್ಪರ್ಧೆಯ ಸುದ್ದಿ ಕಣ್ಣಿಗೆ ಬಿತ್ತು. ಯಾವ ದೇಶದವರಾದರೂ ಸರಿ, ಎಷ್ಟು ವಯಸ್ಸಾದರೂ ಸರಿ. ಕೃತಿ ಹೊಸದಿರಬೇಕು, ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿರಬೇಕು, ಜೊತೆಗೆ ಧ್ವನಿಮುದ್ರಣ ಕಳಿಸಬೇಕು. ಆ ಲಿಪಿ ನನಗೆ ಬರುತ್ತಿರಲಿಲ್ಲ. ಆದರೆ ಹೊಸ ಕೃತಿ ಇತ್ತು. ಅದನ್ನು ಅಲ್ಲಿಯವರೆಗೆ ಯಾರಿಗೂ ಕೇಳಿಸಿರಲಿಲ್ಲ ಅಷ್ಟೆ.

ಆ ಭಾನುವಾರ ಹಾವೇರಿಗೆ ಹೋಗಿ, ನನಗೆ ಹಾರ್ಮೋನಿಯಂ ಕಲಿಸಿದ ಗುರುಗಳಿಗೆ ವಿಷಯ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ನೋಡು ತಂಗಿ, ರಾಗ, ಬಂದಿಶ್ ಎಲ್ಲಾ ದೊಡ್ಡವರು ಮಾಡಿಟ್ಟು ಹೋಗ್ಯಾರ. ನಾವು ನುಡಸವರು, ಮಾಡವರಲ್ಲ."

"ಅವರೂ ಒಂದಿನ ಹೊಸಾದು ಮಾಡಿದವರ ಅಲ್ಲೇನ್ರಿ ಗುರುಗಳ?"

"ಅವರ ಮಾತ ಬ್ಯಾರೆ."

ಅವರ ಕಾಲಿಗೆ ನಮಸ್ಕಾರ ಮಾಡಿ ಎದ್ದು ಬಂದೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗಲೇ ಅರ್ಜಿ ಹಾಕುವುದೆಂದು ಗಟ್ಟಿ ಮಾಡಿಕೊಂಡೆ. ಅವರು ಹೂಂ ಎಂದಿದ್ದರೆ ಬಹುಶಃ ಇನ್ನೂ ಒಂದು ವರ್ಷ ಯೋಚನೆ ಮಾಡುತ್ತಿದ್ದೆ.

ನನ್ನ ಕೃತಿ ಹುಟ್ಟಿದ್ದು ತೊಟ್ಟು ಬಿಡಿಸುವ ಕೈಗಳಿಂದ. ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ನೋಡುತ್ತಿದ್ದೆ. ಕಾಯಿ ಹಿಡಿಯುವುದು, ತೊಟ್ಟು ಮುರಿಯುವುದು, ರಾಶಿಗೆ ಒಗೆಯುವುದು. ಒಬ್ಬೊಬ್ಬರ ಕೈಯ ಓಟ ಒಂದೊಂದು ರೀತಿ. ಆದರೆ ಸುಮಾರು ಹೊತ್ತಿಗೊಮ್ಮೆ ಎಲ್ಲರ ಕೈಗಳೂ ಒಂದೇ ಕ್ಷಣಕ್ಕೆ ಕೂಡುತ್ತವೆ, ಮತ್ತೆ ಚದುರುತ್ತವೆ. ನಡುನಡುವೆ ಘಾಟಿಗೆ ಯಾರಾದರೂ ಕೆಮ್ಮುತ್ತಾರೆ. ಆ ಕೈಗಳ ಲಯದ ಮೇಲೆ ನಾನೊಂದು ಸ್ವರಮಾಲೆ ಕಟ್ಟಿದ್ದೆ. ಪದಗಳಿಲ್ಲ. ಹಾರ್ಮೋನಿಯಂ, ಆರು ಹೆಂಗಸರ ದನಿ, ಅವರ ಕೈ, ಅವರ ಕೆಮ್ಮು.

ಲಿಪಿ ಕಲಿಯಲು ಅಗಡಿಗೆ ಹೋದೆ. ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದ ಹಿರಿಯರೊಬ್ಬರು ಅಲ್ಲಿದ್ದರು. ಬ್ಯಾಂಡಿನವರಿಗೆ ಐದು ಗೆರೆಗಳ ಲಿಪಿ ಓದಲು ಬರುತ್ತದೆಂದು ಯಾರೋ ಹೇಳಿದ್ದರು. ನಾನು ಅವರನ್ನು ಕಾಕಾ ಎಂದೇ ಕರೆದೆ. ನಾಲ್ಕು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಕೂತು, ಒಂದನೇ ತರಗತಿಯ ಮಗುವಿನ ಹಾಗೆ ಸ್ವರಕ್ಕೊಂದು ಗುಂಡು ಬರೆದು, ಬಾಲ ಹಚ್ಚಿ, ಅಳಿಸಿ, ಮತ್ತೆ ಬರೆದೆ. ಕೆಮ್ಮಿನ ಹತ್ತಿರ ಬಂದಾಗ ಕಾಕಾ ಪೆನ್ಸಿಲ್ ಎತ್ತಿದರು.

"ಇದನ್ನೂ ಬರೀಬೇಕೇನವಾ?"

"ಬರೀಬೇಕ್ರಿ ಕಾಕಾ. ಅದಿಲ್ಲಂದ್ರ ಅದು ಬ್ಯಾಡಗಿ ಅಲ್ಲ."

ಅವರು ಹಾಳೆಯ ಅಂಚಿನಲ್ಲಿ, ಗುಂಡಿನ ಬದಲು, ಒಂದು × ಗುರುತು ಹಾಕಿದರು. ಆಮೇಲೆ, "ಡ್ರಮ್ಮಿಗೆ ನಾವು ಕಾಟು ಹೊಡೀತಿದ್ವಿ. ಕೆಮ್ಮಿಗೂ ಕಾಟು ಹೊಡಿ," ಎಂದರು. ಹೊಡೆದೆ. ಒಟ್ಟು ಹದಿನೇಳು ಕೆಮ್ಮು, ಹದಿನೇಳು ಕಾಟು.

ಧ್ವನಿಮುದ್ರಣ ಮಾಡಿದ್ದು ಹೆಂಗಸರು ಬುತ್ತಿ ಉಂಡು ಮುಗಿಸಿದ ಹೊತ್ತಿನಲ್ಲಿ, ರಾಶಿಯ ಪಕ್ಕದಲ್ಲೇ. ಐದು ಜನ ಅವ್ವನ ಗೆಳತಿಯರು, ಆರನೆಯವಳು ಅವ್ವ. ಮೊಣಕಾಲು ನೋವೆಂದು ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಅವಳ ಕೈ ಎಲ್ಲರಿಗಿಂತ ಮುಂದಿತ್ತು. ಅವರು ಅದಕ್ಕೂ ಮೊದಲು ಎಂಟು ದಿನ ನನ್ನಿಂದ ಆ ಸ್ವರಗಳನ್ನು ಕಲಿತಿದ್ದರು. ತಪ್ಪಿದರೆ ಅವ್ವನೇ ಗದರುತ್ತಿದ್ದಳು. ಅರ್ಜಿಯಲ್ಲಿ ಕಲಾವಿದರು ಎಂಬಲ್ಲಿ ಆರೂ ಜನರ ಹೆಸರು ಬರೆದೆ, ಸಂಯೋಜಕರು ಎಂಬಲ್ಲಿ ನನ್ನದು.

ಎರಡು ತಿಂಗಳಿಗೆ ಇಮೇಲ್ ಬಂತು. ಬಹಳ ಸಭ್ಯ ಭಾಷೆ. ಕೃತಿ ಅವರಿಗೆ ಇಷ್ಟವಾಗಿದೆ. ಆದರೆ ಕೇಳಿದರೆ ನಿಮ್ಮ ಪ್ರದೇಶದ ಸಾಂಪ್ರದಾಯಿಕ ಶ್ರಮಗೀತೆಯೆಂದು ಅನಿಸುತ್ತದೆ. ಹಾಗಿದ್ದರೆ ಸಂಯೋಜಕರ ಜಾಗದಲ್ಲಿ 'ಸಾಂಪ್ರದಾಯಿಕ' ಎಂದು ಹಾಕಿ, ನಿಮ್ಮನ್ನು ಸಂಗ್ರಹಕಾರರೆಂದು ತೋರಿಸಬಹುದೇ? ಜಾನಪದದ ವಿಭಾಗವೂ ಇದೆ, ಅಲ್ಲಿ ಅವಕಾಶ ಹೆಚ್ಚು.

ಓದಿ ನನಗೆ ಮೈಯೆಲ್ಲ ಉರಿಯಿತು. ಪಿಯಾನೋ ಮುಂದೆ ಕೂತವನು ಕಟ್ಟಿದರೆ ಸಂಯೋಜನೆ, ಮೆಣಸಿನಕಾಯಿ ರಾಶಿಯ ಮುಂದೆ ಕೂತವಳು ಕಟ್ಟಿದರೆ ತಾನಾಗಿ ಬೆಳೆದದ್ದು. ಶಾಲೆಯ ಇಂಗ್ಲಿಷ್ ಶಿಕ್ಷಕಿ, "ಹೂಂ ಅಂದುಬಿಡ್ರಿ, ಬಹುಮಾನನಾದ್ರೂ ಬರ್ತೈತಿ," ಎಂದರು. ಅವರು ಕೆಟ್ಟದ್ದನ್ನೇನೂ ಬಯಸಿರಲಿಲ್ಲ. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಏನಂತಾರವರು?"

"ಇದು ಹಳೇ ಹಾಡಂತ. ಮೊದಲಿಂದ ನೀವೆಲ್ಲಾ ಹಾಡಿಕೋತ ಬಂದಿದ್ದಂತ."

ಅವ್ವ ಕೈ ನಿಲ್ಲಿಸಿದಳು. "ಮೂವತ್ತು ವರ್ಷ ಅಲ್ಲೇ ಕುಂತೇನಿ. ಎಂಟು ದಿನ ನೀ ಬೊಬ್ಬಿ ಹೊಡದು ಕಲಸೂತನಕ ಇಂಥಾ ಹಾಡು ನಾ ಕೇಳೇ ಇರಲಿಲ್ಲ. ಹಂಗಂತ ಬರಿ."

ಹಾಗೆಯೇ ಬರೆದೆ. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ, ಆದರೂ ಯಾರ ಹತ್ತಿರವೂ ತಿದ್ದಿಸಲಿಲ್ಲ. ಕೈಗಳ ಲಯ ಈ ಹೆಂಗಸರದು, ಅದಕ್ಕೇ ಅವರ ಹೆಸರಿದೆ. ಸ್ವರ ನನ್ನದು. ಮೂವತ್ತು ವರ್ಷ ಅಲ್ಲಿ ಕೂತ ನಮ್ಮವ್ವ ಇದನ್ನು ಹಿಂದೆಂದೂ ಕೇಳಿಲ್ಲ. ವಿಭಾಗ ಬದಲಿಸುವುದಿಲ್ಲ, ಹೆಸರೂ ತೆಗೆಯುವುದಿಲ್ಲ. ನಿಮ್ಮ ನಿಯಮ ಮುರಿದಿದ್ದರೆ ಯಾವ ನಿಯಮವೆಂದು ತಿಳಿಸಿ. ಇಲ್ಲವಾದರೆ ತೀರ್ಪುಗಾರರ ಮುಂದಿಡಿ.

ಮೂರು ವಾರ ಉತ್ತರವಿಲ್ಲ. ಆಮೇಲೆ ಒಂದೇ ಸಾಲು ಬಂತು: ಕೃತಿಯನ್ನು ಮೂಲ ವಿಭಾಗದಲ್ಲೇ ಸ್ವೀಕರಿಸಲಾಗಿದೆ.

ಬಹುಮಾನ ಬರಲಿಲ್ಲ. ಕೊನೆಯ ಸುತ್ತಿನ ಪಟ್ಟಿಯಲ್ಲಿ ಹೆಸರು ಬಂತು. ಕೃತಿಯ ಹೆಸರು, ಮುಂದೆ ನನ್ನ ಹೆಸರು, ಕೆಳಗೆ ಆರು ಜನರದು. ಒಬ್ಬ ತೀರ್ಪುಗಾರರು, ಕೆಮ್ಮಿನಿಂದ ಮಾಧುರ್ಯಕ್ಕೆ ಅಡ್ಡಿಯಾಗುತ್ತದೆ ಎಂದು ಟಿಪ್ಪಣಿ ಬರೆದಿದ್ದರು. ಅವರು ಒಂದು ದಿನ ಬ್ಯಾಡಗಿಗೆ ಬಂದು ರಾಶಿಯ ಪಕ್ಕ ಕೂತರೆ ಅಡ್ಡಿ ಯಾವುದು, ಹಾಡು ಯಾವುದು ಎಂದು ಮಾತಾಡಬಹುದು. ಆ ಪುಟವನ್ನು ಪ್ರಿಂಟ್ ತೆಗೆಸಿ ಹೆಂಗಸರಿಗೆ ಒಂದೊಂದು ಕೊಟ್ಟೆ. ಓದಲು ಬಾರದವರೂ ತಮ್ಮ ಹೆಸರು ಯಾವ ಸಾಲಿನಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದರು.

ಗುರುಗಳಿಗೂ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ನನಗ ಇದು ಸಂಗೀತ ಅನಸೂದಿಲ್ಲ ತಂಗಿ."

"ಆತ್ರಿ ಗುರುಗಳ," ಎಂದೆ. ಬೇಜಾರಾಗಲಿಲ್ಲ. ಅವರಿಗೆ ಹಾಗೆ ಅನ್ನಿಸುವ ಹಕ್ಕಿದೆ. ನನಗೆ ಕಟ್ಟುವ ಹಕ್ಕಿದೆ. ಇಬ್ಬರೂ ಕೂತು ಮಂಡಕ್ಕಿ ತಿಂದೆವು.

ಈ ವರ್ಷ ಮತ್ತೊಂದು ಕೃತಿ ಬರೆಯುತ್ತಿದ್ದೇನೆ. ಕ್ಲಾರಿನೆಟ್ ಇದೆ, ಕಾಕಾ ನುಡಿಸುತ್ತಾರೆ. ಅರ್ಜಿಯ ಸಂಯೋಜಕರು ಎಂಬ ಖಾನೆಯನ್ನು ಎಲ್ಲಕ್ಕಿಂತ ಮೊದಲು ತುಂಬಿದ್ದೇನೆ.