ಪರದೆ ಎಷ್ಟು ಮೊಳ, ಅಷ್ಟು ಗಂಟು

ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿ. ಬಿಸಿಲು ಇಳಿಯುತ್ತಿತ್ತು. ನನ್ನ ಹೆಂಡತಿ ಪರದೆಯ ಪಕ್ಕ ನಿಂತು, ಗಂಟು ಹಾಕಿದ ಹಗ್ಗ ಹಿಡಿದಿದ್ದ ನನ್ನನ್ನು ಹಿಂದೆ ಹಿಂದೆ ಕಳಿಸುತ್ತಿದ್ದಳು.

“ಇನ್ನೊಂದ್ ಗಂಟು ಇಂದಕ್ಕೋಗಿ.”

“ಹಿಂದೆ ಹುಣಸೆಮರ ಇದೆ ಕಣೆ.”

“ಮರ ಏನ್ ಕಚ್ಚಾಕಿಲ್ಲ, ಬೆನ್ನು ಕೊಟ್ಕಂಡ್ ನಿಂತ್ಕಳಿ.”

ಪರದೆ ಕಟ್ಟಲು ಬಂದಿದ್ದ ಊರಿನವನೊಬ್ಬ ನಕ್ಕು, “ಅಲ್ಲ ಕಣ್ರೀ, ನಿಮ್ಮನೇಲಿ ಯಜಮಾನ್ಕೆ ಯಾರ್ದು?” ಎಂದ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಹಗ್ಗ ತೋರಿಸಿ, “ಅಗ್ಗದ್ದು ಕಣಣ್ಣ. ನಾವಿಬ್ರೂ ಅದು ಏಳ್ದಂಗೆ ಕೇಳ್ತೀವಿ” ಎಂದಳು.

ನಮ್ಮ ಸಂಸಾರದಲ್ಲಿ ಎಲ್ಲ ದಿನಗಳಂತಿದ್ದ ಕೊನೆಯ ದಿನ ಅದು. ಹುಣಸೂರಿನ ಮನೆಗೆ ಮರಳಿದ ಮಾರನೆಯ ದಿನವೇ ಅವಳಿಗೆ ಚಳಿಜ್ವರ ಹಿಡಿಯಿತು. ಆ ಜ್ವರದಿಂದ ಅವಳು ಏಳಲಿಲ್ಲ.

ಆಗ ಮಹಾರಾಜರ ಕಾಲ. ಸರ್ಕಾರದ ಮ್ಯಾಜಿಕ್ ಲ್ಯಾಂಟರ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗಿ, ಗಾಜಿನ ಮೇಲಿನ ಚಿತ್ರಗಳನ್ನು ದೀಪದ ಬೆಳಕಿನಲ್ಲಿ ದೊಡ್ಡದು ಮಾಡಿ ತೋರಿಸುವುದು ನನ್ನ ಕೆಲಸವಾಗಿತ್ತು. ಸೊಳ್ಳೆ, ನಿಂತ ನೀರು, ಮುಚ್ಚಳವಿಲ್ಲದ ಬಾವಿ ಇಂಥ ಚಿತ್ರಗಳು. ಪರದೆ ಮಾತ್ರ ಆಯಾ ಊರಿನದು. ಒಂದು ಕಡೆ ಪಂಚೆಗಳನ್ನು ಸೇರಿಸಿ ಹೊಲಿದಿರುತ್ತಿದ್ದರು, ಇನ್ನೊಂದು ಕಡೆ ಮದುವೆ ಚಪ್ಪರದ ಬಟ್ಟೆಯನ್ನೇ ಕಟ್ಟುತ್ತಿದ್ದರು. ಯಾವ ಊರೂ ಇಲ್ಲ ಎನ್ನಲಿಲ್ಲ. ಲ್ಯಾಂಟರ್ನ್ ಹತ್ತಿರವಾದರೆ ಚಿತ್ರ ಚಿಕ್ಕದಾಗುತ್ತದೆ, ದೂರವಾದರೆ ಪರದೆ ದಾಟಿ ಹಿಂದಿನ ಗೋಡೆಯ ಮೇಲೆ ಚೆಲ್ಲುತ್ತದೆ. ಜನ ಕೂತ ಮೇಲೆ ಲ್ಯಾಂಟರ್ನ್ ಇಟ್ಟ ಗಾಡಿಯನ್ನು ಅಲುಗಿಸುವುದು ಕಷ್ಟ. ಹಗಲಲ್ಲೇ ಜಾಗ ಗೊತ್ತುಮಾಡಬೇಕು, ಹಗಲಲ್ಲಿ ಚಿತ್ರವೇ ಕಾಣದು.

ಇದಕ್ಕೆ ದಾರಿ ಕಂಡುಕೊಂಡವಳು ಅವಳು. ಚುಂಚನಕಟ್ಟೆ ಕಡೆಯ ಗದ್ದೆಯವರ ಮನೆಯ ಮಗಳು. ಏನನ್ನೇ ಆಗಲಿ ಕೈಯಲ್ಲಿ ಅಳೆದೇ ಅಭ್ಯಾಸ. ಮನೆಯ ಸುಣ್ಣದ ಗೋಡೆಗೆ ಬೆಳಕು ಬಿಟ್ಟು ಕೆಲವು ಸಂಜೆ ನೋಡಿದೆವು. ಚಿತ್ರ ಒಂದು ಮೊಳ ಅಗಲವಾಗಬೇಕಾದರೆ ಲ್ಯಾಂಟರ್ನ್ ಮೂರು ಮೊಳ ಹಿಂದಿರಬೇಕು. ಅವಳು ಬಾವಿಯ ಹಳೆಯ ಹಗ್ಗ ತೆಗೆದು, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆಯುತ್ತ, ಮೂರು ಮೊಳಕ್ಕೊಂದು ಗಂಟು ಹಾಕಿದಳು. ಪರದೆ ಎಷ್ಟು ಮೊಳ ಅಗಲವೋ ಅಷ್ಟು ಗಂಟು ಹಿಂದಕ್ಕೆ ಹೋದರಾಯಿತು. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ನನ್ನ ಜೊತೆಗೇ ಬರುತ್ತಿದ್ದಳು. ಪರದೆ ಅಳೆಯುವುದು ಅವಳ ಕೆಲಸ, ಹಗ್ಗ ಎಳೆಯುವುದು ನನ್ನದು.

ಅವಳು ಹೋದ ಮೇಲೆ ಮೊದಲ ಸಲ ಗಾಡಿ ಕಟ್ಟಿದ್ದು ಗಾವಡಗೆರೆಗೆ. ಅವಳ ಸೀರೆಗಳನ್ನು ತವರಿನವರು ಒಯ್ದಿದ್ದರು. ಫೋಟೋ ತೆಗೆಸುವಷ್ಟು ಅನುಕೂಲ ನಮಗಿರಲಿಲ್ಲ. ಅವಳ ಕೈಯದೆಂದು ನನ್ನ ಬಳಿ ಉಳಿದಿದ್ದುದು ಆ ಹಗ್ಗ.

ಪರದೆಯನ್ನು ನಾನೇ ಅಳೆದೆ. ಅಷ್ಟು ಗಂಟು ಹಿಂದೆ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ಮಬ್ಬು ಕವಿದಾಗ ದೀಪ ಹಚ್ಚಿ ನೋಡಿದರೆ ಚಿತ್ರ ಪರದೆಯ ನಡುವೆ ಮುದುಡಿ ಕೂತಿತ್ತು, ಸುತ್ತಲೂ ಬಟ್ಟೆ ಖಾಲಿ. ಮತ್ತೆ ಅಳೆದರೂ ಅದೇ ಲೆಕ್ಕ. ಮಳೆಯಲ್ಲಿ ನೆನೆದು ಹಗ್ಗ ಕುಗ್ಗಿದೆ, ಇನ್ನು ಇದರಿಂದ ಉಪಯೋಗವಿಲ್ಲ ಎನ್ನಿಸಿತು. ಗಾಡಿಯನ್ನು ಕಣ್ಣಂದಾಜಿನಲ್ಲಿ ಹಿಂದೆ ತಳ್ಳಿದ್ದರೆ ಚಿತ್ರವೇನೋ ಸರಿಹೋಗುತ್ತಿತ್ತು, ಆದರೆ ಹಗ್ಗ ಸುಳ್ಳಾಗುತ್ತಿತ್ತು. ಅದಕ್ಕೆ ಮನಸ್ಸು ಬಾರದೆ, ಹಗ್ಗ ಹಿಡಿದುಕೊಂಡು ಗಾಡಿಯ ಮೂಕಿಮರದ ಮೇಲೆ ಕೂತುಬಿಟ್ಟೆ.

ಪಕ್ಕದಲ್ಲೇ ಒಬ್ಬಳು ಎತ್ತರದ ಹೆಂಗಸು ಹೂವಿನವಳ ಜೊತೆ ಜಗಳಕ್ಕೆ ನಿಂತಿದ್ದಳು.

“ಎಲ್ಡು ಮೊಳ ಅಂತ ಕೊಟ್ಟಿದ್ದೀಯ, ನನ್ ಕೈಗೆ ಒಂದೂವರೆಗೇ ಮುಗ್ದೋಯ್ತಲ್ಲ!”

“ನಿನ್ ಕೈ ತೆಂಗಿನ ಗರಿ ಇದ್ದಂಗದೆ ಕಣವ್ವ. ಹೂ ಮಾರೋಳು ನಾನು, ನನ್ ಮೊಳವೇ ಮೊಳ.”

“ಅಂಗಾದ್ರೆ ನಿನ್ ಗಂಡನ್ ಕೈಲಿ ಅಳ್ಸು!”

“ಅವನ ಕೈಲಿ ಅಳ್ಸಿದ್ರೆ ಆಮೇಕೆ ನಾನು ಬುಟ್ಟೀನೂ ಮಾರ್ಕೋಬೇಕಾಯ್ತದೆ, ಬುಡವ್ವ.”

ಸುತ್ತಲಿನವರೆಲ್ಲ ನಕ್ಕರು. ನಾನು ಎದ್ದು, ನನ್ನ ಮೊಣಕೈಯನ್ನು ಒಂದು ಗಂಟಿನ ಮೇಲಿಟ್ಟು ಮುಂದಿನ ಗಂಟಿನವರೆಗೆ ಅಳೆದೆ. ಮೂರನೆಯ ಮೊಳಕ್ಕೆ ಬೆರಳುಗಳು ಗಂಟು ದಾಟಿದವು. ಹಗ್ಗದಲ್ಲಿ ಇದ್ದದ್ದು ಅವಳ ಮೊಳ. ನಾನು ಪರದೆ ಅಳೆದದ್ದು ನನ್ನ ಮೊಳದಲ್ಲಿ. ಹಗ್ಗ ಕುಗ್ಗಿರಲಿಲ್ಲ.

ಎರಡು ಗಂಟುಗಳ ನಡುವಿನ ಹಗ್ಗವನ್ನು ಮೂರು ಪಾಲಾಗಿ ಮಡಿಸಿದೆ. ಒಂದು ಪಾಲೆಂದರೆ ಅವಳ ಮೊಳ. ಅದರಿಂದ ಪರದೆ ಅಳೆದರೆ ಒಂದು ಮೊಳ ಹೆಚ್ಚು ಬಂತು. ಗಾಡಿ ಒಂದು ಗಂಟು ಹಿಂದೆ ಹೋಗಬೇಕು ಎಂದೆ. ಕೂತಿದ್ದವರು ಗೊಣಗದೆ ಎದ್ದು, ಮಕ್ಕಳನ್ನು ಸರಿಸಿ, ಹೆಗಲು ಕೊಟ್ಟರು.

“ತಳ್ರಲಾ, ಸೊಳ್ಳೆ ಇನ್ನೂ ದೊಡ್ಡದಾಗ್ಬೇಕಂತೆ!” ಎಂದು ಒಬ್ಬ ಕೂಗಿದ.

ಸೊಳ್ಳೆಯ ರೆಕ್ಕೆಗಳು ಪರದೆಯ ಎರಡು ಅಂಚಿಗೂ ಸರಿಯಾಗಿ ಮುಟ್ಟಿದವು. ಆ ಚಿತ್ರವನ್ನು ಎಷ್ಟು ಊರಿಗೆ ತೋರಿಸಿದ್ದೆನೋ. ಅಂದು ಅದನ್ನು ನೋಡಲಾರದೆ ಪರದೆಯ ಅಂಚನ್ನೇ ನೋಡುತ್ತಿದ್ದೆ.

ಗಾವಡಗೆರೆಯ ಆ ಜನ ನನ್ನ ಹೆಂಡತಿಯನ್ನು ಕಂಡವರಲ್ಲ. ಹೂವಿನವಳಿಗೆ ನಾನು ಏನನ್ನೂ ಹೇಳಲಿಲ್ಲ, ಹೇಳಬೇಕಿತ್ತು. ಅವರೆಲ್ಲರ ಉಪಕಾರವನ್ನು ಇಂದಿಗೂ ನೆನೆಯುತ್ತೇನೆ. ಆಮೇಲೆ ಕೃಷ್ಣರಾಜನಗರದ ಕಡೆಗೂ, ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಿಗೂ ಅದೇ ಹಗ್ಗ ಬಂತು. ಯಾವ ಪರದೆಗೂ ಅದು ತಪ್ಪು ಹೇಳಲಿಲ್ಲ.

ಪರದೆ ಅಳೆಯುವುದೂ ನಾನೇ, ಹಗ್ಗ ಎಳೆಯುವುದೂ ನಾನೇ. ಹಗ್ಗ ಎಳೆದು ನಿಂತು ತಿರುಗಿ ನೋಡಿದರೆ ಪರದೆಯ ಪಕ್ಕ ಯಾರೂ ಇರುವುದಿಲ್ಲ.