ಎರಿ ಭೂಮಿಯಲ್ಲಿ ಆಮೆ ಕಾದ ಈರಣ್ಣ ಮಾಮಾ

ಅಂದು ಹಿತ್ತಲಲ್ಲಿ ನಾವು ನಾಲ್ವರಿದ್ದೆವು. ಈರಣ್ಣ ಮಾಮಾ ಬೋರಲು ಮಲಗಿ, ಸುಡುವ ಕರಿಮಣ್ಣಿಗೆ ಕೆನ್ನೆ ಒತ್ತಿ, ಬಲಗೈಯನ್ನು ಹೆಗಲವರೆಗೆ ನೆಲದ ಬಿರುಕಿನೊಳಗೆ ಇಳಿಬಿಟ್ಟಿದ್ದ. ಅವನ ಹೆಂಡತಿ, ನಮ್ಮ ಅತ್ತಿ, ಬಿರುಕಿನ ಬಾಯಿಗೆ ಬ್ಯಾಟರಿ ಹಿಡಿದಿದ್ದಳು. ಪಕ್ಕದ ಮನೆಯ ವೆಲ್ಡರ್ ರಸೂಲಭಾಯಿ ಕೈಯಲ್ಲಿ ಹಾರೆಯಿತ್ತು. ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತಿದ್ದ. ನಾನು ಮಾಮಾನ ಎರಡೂ ಕಾಲು ಹಿಡಿದಿದ್ದೆ. ನೆಲ ಅವನನ್ನು ನುಂಗೀತು ಎನ್ನಿಸಿತ್ತೇನೋ. ಬಿರುಕಿನ ಅಂಚಿಗೆ ಹಾವಿನ ಪೊರೆಯೊಂದು ಜೋತಾಡುತ್ತಿತ್ತು. ಕೆಳಗೆಲ್ಲೋ ಚಂದವ್ವ ಸಿಕ್ಕಿಕೊಂಡಿದ್ದಳು. ಚಂದವ್ವ ಎಂದರೆ ಮಾಮಾನ ಹೆಣ್ಣು ಆಮೆ.

ಹೆಗಲ ಮೇಲೆ ಹಲ್ಲಿ ಬಿದ್ದರೆ ಗಿರಣಿ ಬಂದ್ ಮಾಡಿ ಬೀದಿಗೆ ಓಡುತ್ತಿದ್ದ ಮನುಷ್ಯ ಹಾಗೆ ಮಲಗಿದ್ದ.

ಮಾಮಾ ನನ್ನವ್ವನ ಅಣ್ಣ. ಮಾದನಹಿಪ್ಪರಗಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ನನಗೂ ಆಗ ಅದೇ ಊರಲ್ಲಿ ನೌಕರಿ, ಅವನ ಮನೆಯಲ್ಲೇ ಇದ್ದೆ. ರೆಪ್ಪೆಯ ಮೇಲೂ ಜೋಳದ ಹಿಟ್ಟು, ನಕ್ಕರೆ ಉದುರುತ್ತಿತ್ತು. ಅಂಜುಬುರುಕತನಕ್ಕೆ ಅವನೇ ಹೆಸರುವಾಸಿ. ಗುಡುಗಿದರೆ ಗಿರಣಿಯ ಪಟ್ಟಾ ಕಳಚುತ್ತಿದ್ದ, ಆಳಂದದ ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದೆಯೇ ಕೂತು "ಸಾವಕಾಶ ನಡಸ್ರೆಪಾ" ಎನ್ನುತ್ತಿದ್ದ. ನಾವು ನಕ್ಕರೆ, "ನಗ್ರಿ, ನಗ್ರಿ. ಅಂಜಾವನ ಮನೀಗೆ ಕಳ್ಳ ಬರಾಂಗಿಲ್ಲ. ಯಾಕಂದ್ರ ಅಂವ ಮಲಗೇ ಇರಾಂಗಿಲ್ಲ" ಎಂದು ತಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಜೋರು ಎಂದರೆ ಅಂಥಿಂಥ ಜೋರಲ್ಲ. ಗಿರಣಿಯ ಸದ್ದಿನಲ್ಲಿ ಬೆಳೆದ ದನಿ. ಗುಟ್ಟು ಹೇಳಿದರೂ ಓಣಿಯ ಆಚೆ ತುದಿಗೆ ಕೇಳುತ್ತಿತ್ತು.

ಆಮೆಗಳು ಬಂದದ್ದು ಸರಸಂಬಾದ ರೈತನೊಬ್ಬನ ಜೋಳದ ಜೊತೆ. ಹೊಲದ ಬದುವಿನಲ್ಲಿ ನಾಯಿಗಳು ಉರುಳಾಡಿಸುತ್ತಿದ್ದವಂತೆ, ಚೀಲಕ್ಕೆ ಹಾಕಿ ತಂದು ಗಿರಣಿಯಲ್ಲಿ ಬಿಟ್ಟು ಹೋದ. ಕರಿ ಚಿಪ್ಪಿನ ಮೇಲೆ ಹಳದಿ ಚುಕ್ಕಿ ಬಿಡಿಸಿದಂಥ ಎರಡು ಆಮೆ. ಗಂಡಿಗೆ ಜಮಾದಾರ ಎಂದು ಹೆಸರಾಯಿತು, ಬೆಳಗಿನಿಂದ ಸಂಜೆಯವರೆಗೆ ಗಡಿ ಸುತ್ತುವುದೇ ಅದರ ಕೆಲಸವಾದ್ದರಿಂದ.

ಮೊದಲು ಮಾಮಾ ಹಿತ್ತಲಲ್ಲಿ ತಂತಿಯ ಜಾಳಿಗೆ ಕಟ್ಟಿದ. ಎರಡೂ ಅದಕ್ಕೆ ಮೂತಿ ಒತ್ತಿ ದಿನವಿಡೀ ತಳ್ಳಿದವು, ಮೂಗು ಕೆಂಪಾಗುವವರೆಗೆ.

"ಹೊರಗಿಂದು ಕಾಣಸ್ತದ, ಅದಕ್ಕ ಹೋಗಬೇಕನ್ನಸ್ತದ," ಎಂದಳು ಅತ್ತಿ. "ನಿಮ್ಮನ್ನ ಮಿಠಾಯಿ ಅಂಗಡಿ ಮುಂದ ನಿಲ್ಲಸಿದಾಂಗ. ಕಾಣದಾಂಗ ಮಾಡ್ರಿ."

ಆಮೇಲೆ ಶಹಾಬಾದಿ ಫರಸಿ ಕಲ್ಲುಗಳು ಬಂದವು. ಮಳೆಗಾಲದ ಹಸಿ ನೆಲದಲ್ಲಿ ಮೊಳದಾಳ ತಗ್ಗು ತೋಡಿ, ಕಲ್ಲನ್ನು ಸಾಲಾಗಿ ನಿಲ್ಲಿಸಿದರು. ಜಮಾದಾರ ಮೂಲೆಗೆ ಹೋಗಿ ಚಂದವ್ವನ ಬೆನ್ನು ಹತ್ತಿ ಆಚೆ ಇಣುಕಿದ; ಮೂಲೆಗಳ ಮೇಲೆ ಅಡ್ಡಗಲ್ಲು ಬಿತ್ತು. ಕಲ್ಲು ಅಲುಗಾಡುತ್ತದೇನೋ ಎಂದು ಮಾಮಾ ತಾನೇ ಒದ್ದು ನೋಡಿ ಹೆಬ್ಬೆರಳು ಬಾತಿಸಿಕೊಂಡ. "ಇನ್ನ ನನ್ನಪ್ಪ ಬಂದ್ರೂ ಹೊಂಟು ಹೋಗಾಂಗಿಲ್ಲ" ಎಂದ.

ಆ ನೆಮ್ಮದಿ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಮುಗಿಯಿತು. ಅಲ್ಲಿ ಅರಣ್ಯ ಇಲಾಖೆಯ ಫಲಕವೊಂದರ ಮೇಲೆ ಚಂದವ್ವನಂಥದ್ದೇ ಆಮೆಯ ಚಿತ್ರವಿತ್ತು. ಸಾಕುವುದು ಅಪರಾಧ ಎಂದಿತ್ತು, ಕೆಳಗೆ ಜೈಲು ಎಂಬ ಮಾತಿತ್ತು. ಮಾಮಾ ಮುಂದೆ ಓದಲೇ ಇಲ್ಲ. ಮನೆಗೆ ಬಂದು ನನ್ನನ್ನು ಒಳಕೋಣೆಗೆ ಎಳೆದು, "ಲೇ ಶರಣು, ನಮ್ಮನ್ಯಾಗ ಆಮಿ ಅದಾವಂತ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಪಿಸುಗುಟ್ಟಿದ. ಮರುದಿನ ಬಸ್ಸಿನ ಕಂಡಕ್ಟರ್ ಕೇಳಿದ, "ಮಾಮಾರ, ಆಮಿ ಆರಾಮ ಅದಾವೇನ್ರಿ?"

ಅಂದಿನಿಂದ ಅವನಿಗೆ ಎರಡು ಭಯ. ಆಮೆಗಳು ಹೊರಗೆ ಹೋದರೆ ನಾಯಿಗಳು ತಿನ್ನುತ್ತವೆ, ಒಳಗಿದ್ದರೆ ಖಾಕಿಯವರು ಬರುತ್ತಾರೆ. ಖಾಕಿ ಅಂಗಿಯ ಪೋಸ್ಟಮನ್ ಬಂದರೂ ಬಾಗಿಲ ಹಿಂದೆ ನಿಲ್ಲುತ್ತಿದ್ದ. ಹಾಗಂತ ಬಿಟ್ಟುಕೊಡಲೂ ಮನಸ್ಸಿಲ್ಲ. ಜಮಾದಾರ ಅವನ ಕೈಯಿಂದಲೇ ಹತ್ತರಕಿ ಸೊಪ್ಪು ತಿನ್ನುತ್ತಿದ್ದ.

ಇಷ್ಟೆಲ್ಲ ಅಂಜಿದವನು ಅಂಜಬೇಕಾದ್ದಕ್ಕೆ ಅಂಜಲಿಲ್ಲ. ನಮ್ಮ ಕರಿಮಣ್ಣಿನ ಎರಿ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಇದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಕಲ್ಲನ್ನು ನಂಬಿ ಮಾಮಾ ಮಣ್ಣನ್ನು ಮರೆತಿದ್ದ. ಆ ಬೇಸಗೆಯಲ್ಲಿ ಫರಸಿಯೊಂದು ವಾಲಿತು. ಅದರ ಬುಡದಲ್ಲಿ ಬಿರುಕು ತೆರೆದು, ನೆರಳು ಹುಡುಕುತ್ತ ಹೋದ ಚಂದವ್ವ ಅದರೊಳಗೆ ಜಾರಿದಳು.

"ಕಾಕಾ, ಒಂದು ಕೊಡ ನೀರು ಸುರವಿದ್ರ ಮ್ಯಾಲ ತೇಲಿ ಬರ್ತದೇನ್ರಿ?" ಎಂದ ರಸೂಲಭಾಯಿ.

"ಹುಚ್ಚಪ್ಯಾಲಿ! ನೀರು ಕುಡದ್ರ ಎರಿ ಬಾಯಿ ಮುಚ್ಚತದ. ಆಕಿನ್ನ ಅರದ ಬಿಡ್ತದ!"

"ಹಂಗಾದ್ರ ಕೈ ತೆಗೀರಿ. ಒಳಗ ಸಾಂಪ್ ಇದ್ರ ಖಲಾಸ್ ಆಗ್ತೀರಿ."

ಮಾಮಾ ಕೈ ತೆಗೆಯಲಿಲ್ಲ. ಇನ್ನಷ್ಟು ಇಳಿಸಿದ. ಆಮೇಲೆ ಜಗ್ಗಿ ನೋಡಿದ.

"ಶರಣು, ಕೈ ಬರವಲ್ದು," ಎಂದ.

ಅತ್ತಿ ಬ್ಯಾಟರಿ ನನ್ನ ಕೈಗಿತ್ತು ಒಳಗೋಡಿ ಕುಸುಬಿ ಎಣ್ಣೆಯ ಡಬ್ಬಿ ತಂದು ಅವನ ಹೆಗಲಿಗೆ ಸುರಿದಳು. ಎಣ್ಣೆ ತೋಳಗುಂಟ ಇಳಿಯಿತು. ಅಷ್ಟರಲ್ಲಿ ಮಾಮಾ ಕಣ್ಣು ಗಟ್ಟಿಯಾಗಿ ಮುಚ್ಚಿದ. ತುಟಿ ಮಾತ್ರ ಆಡಿತು.

"ಏನೋ ಹರದಾಡಾಕತ್ತದ."

ಅದನ್ನು ಅವನು ನಿಜವಾಗಿಯೂ ಪಿಸುಗುಟ್ಟಿದ್ದ. ಅವನ ಬಾಯಲ್ಲಿ ಅಂಥ ಸಣ್ಣ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಹಾವೇನ್ರಿ?" ಎಂದಳು ಅತ್ತಿ.

ಮಾಮಾ ಬೆರಳಿನಿಂದ ತಡಕಿದ. ಆಮೇಲೆ ಮಾಮಾ ಮೆಲ್ಲಗೆ ಅಂದ, "ಉಗುರು ತಾಕಿತು. ಕಾಲು... ಆಕಿ ಕಾಲು ಆಡಸಾಕತ್ತಾಳ. ರಸೂಲ್, ದೂರ ಹಾಕ ಹಾರಿ. ಹೊರಮಗ್ಗಲಕ್ಕ ಒಡಿ, ಒಳಗ ಮಣ್ಣು ಬಿದ್ದೀತು."

ರಸೂಲಭಾಯಿ ಬಿಸ್ಮಿಲ್ಲಾ ಎಂದು ಹಾರೆ ಹಾಕಿದ. ಹೆಂಟೆ ಹೊರಕ್ಕೆ ಸರಿಯಿತು. ಮಾಮಾನ ಕೈ ಎಣ್ಣೆ, ಮಣ್ಣು, ರಕ್ತ ಬಳಿದುಕೊಂಡು ಮೇಲೆ ಬಂತು, ಅದರಲ್ಲಿ ಚಂದವ್ವ ಇದ್ದಳು. ಚಿಪ್ಪಿನ ಒಂದು ಅಂಚು ಮುಕ್ಕಾಗಿತ್ತು. ಮಾಮಾ ಅವಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅತ್ತಿ ನೀರು ಕೊಟ್ಟರೆ ತಂಬಿಗೆ ಹಲ್ಲಿಗೆ ಬಡಿಯುತ್ತಿತ್ತು.

"ಈ ಮಣ್ಣು ನನ್ನ ಮಾತು ಕೇಳಾಂಗಿಲ್ಲ," ಎಂದ ಕೊನೆಗೆ. "ಫಾರೆಸ್ಟಿನವರಿಗೆ ಕೊಟ್ಟು ಬರ್ತೇನಿ. ಹಿಡದ್ರ ನನ್ನ ಹಿಡೀಲಿ."

ಮರುದಿನ ಗಂಟು ಕಟ್ಟಿದ. ಎರಡು ಧೋತರ, ಒಂದು ಕಂಬಳಿ, ಬಿಪಿ ಗುಳಿಗೆ, ವಿಭೂತಿ ಗಟ್ಟಿ. ಅತ್ತಿ ಕಣ್ಣೊರೆಸಿಕೊಳ್ಳುತ್ತ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು. "ಜೈಲಿನ ಅನ್ನ ನಿಮಗ ಪಚನ ಆಗಾಂಗಿಲ್ಲ."

ಆಳಂದದ ಅರಣ್ಯ ಕಚೇರಿಯಲ್ಲಿ ನಮ್ಮನ್ನು ಎದುರುಗೊಂಡದ್ದು ಎಳೆಯ ವಯಸ್ಸಿನ ಒಬ್ಬ ಗಾರ್ಡ್. ಬುಟ್ಟಿಯನ್ನು ಮೇಜಿನ ಮೇಲಿಟ್ಟು ಮಾಮಾ ಗಿರಣಿ ದನಿಯಲ್ಲಿ ಕೂಗಿದ, "ಸಾಹೇಬ್ರ, ತಪ್ಪು ನಂದು! ನನ್ನ ಹೆಂಡ್ತಿ ಹೆಸರು ಬರೀಬ್ಯಾಡ್ರಿ!"

"ಯಜಮಾನ್ರ, ಸಣ್ಣಗ ಮಾತಾಡ್ರಿ. ಒಳಗ ದೊಡ್ಡ ಸಾಹೇಬ್ರು ಅದಾರ. ಈ ಗಂಟಿನ್ಯಾಗ ಏನದ?"

"ಜೈಲಿಗೆ ಬುತ್ತಿ."

ದೊಡ್ಡ ಸಾಹೇಬರು ಬಯ್ದರು, ಚಂದವ್ವನ ಗಾಯ ನೋಡಿದರು, ತಾನಾಗಿ ತಂದದ್ದಕ್ಕೆ ಬಿಟ್ಟು ಕಳಿಸಿದರು. ಆ ಬುತ್ತಿಯನ್ನು ನಾವು ಗಾರ್ಡಿನ ಜೊತೆ ಕಚೇರಿಯ ಬೇವಿನ ಮರದ ಕೆಳಗೆ ಉಂಡೆವು. ಮಾಮಾ ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ.

ಗಾಯ ಮಾಯ್ದ ಮೇಲೆ ಅವೆರಡನ್ನೂ ಕುರುಚಲು ಕಾಡಿಗೆ ಬಿಟ್ಟೆವೆಂದು ಗಾರ್ಡ್ ಫೋನ್ ಮಾಡಿದ. ಮಾಮಾ ಒಂದೇ ಮಾತು ಕೇಳಿದ, "ಅಲ್ಲಿ ನೆಲ ಎರಿ ಏನ್ರಿ, ಮಸಾರಿ?"

"ಮಸಾರಿ ರೀ. ಕೆಂಪು ಮಣ್ಣು, ಕಲ್ಲು."

"ಹಂಗಾದ್ರ ಬಿರಿಯಾಂಗಿಲ್ಲ," ಎಂದು ಫೋನ್ ಇಟ್ಟ. ಆಮೇಲೂ ಆಗಾಗ ಆ ಗಾರ್ಡಿಗೆ ಫೋನ್ ಹಚ್ಚಿ ಏನೇನೋ ಕೇಳುತ್ತಿದ್ದನಂತೆ. ಓಣಿಗೆಲ್ಲ ಕೇಳಿಸುತ್ತಿತ್ತು.

ಆ ಮಳೆಗಾಲ ಕಳೆಯುವ ಮೊದಲೇ ಮಾಮಾ ಎದೆನೋವಿನಿಂದ ತೀರಿಕೊಂಡ. ಅಷ್ಟೊತ್ತಿಗೆ ನನಗೆ ಜೇವರ್ಗಿಗೆ ವರ್ಗವಾಗಿತ್ತು. ನಾನು ಬಂದು ಮುಟ್ಟಿದಾಗ ಮಣ್ಣು ಕೊಡುತ್ತಿದ್ದರು. ಮಂದಿಯ ಹಿಂದೆ ಆ ಗಾರ್ಡ್ ನಿಂತಿದ್ದ, ಕೆಲಸದ ಮೇಲಿಂದ ಬಂದಿದ್ದನೇನೋ, ಮೈಮೇಲೆ ಖಾಕಿ ಹಾಗೇ ಇತ್ತು. ತನ್ನ ಪಾಳಿ ಬಂದಾಗ ಬೂಟು ಕಳಚಿಟ್ಟು, ಒಂದು ಹಿಡಿ ಮಣ್ಣು ಹಾಕಿ, ಪಕ್ಕಕ್ಕೆ ಸರಿದು ನಿಂತ.